‘ಓದದಿದ್ದರೆ ಹೋಟೆಲ್ ಕೆಲಸವೇ ಗತಿ’ ಎನ್ನುವ ಮುನ್ನ

ಕಳೆದ ವರ್ಷದ ಬೋಧನಾಭ್ಯಾಸದ ಮೂರನೆಯ ವಾರ. ಗೊರಗುಂಟೆಪಾಳ್ಯದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಂಬತ್ತನೆಯ ತರಗತಿ, ಸಮಾಜ ವಿಜ್ಞಾನ, ಕರ್ನಾಟಕದ ಪ್ರವಾಸಿ ತಾಣಗಳ ಪಾಠ. ಭೂಪಟ ಚೆನ್ನಾಗಿತ್ತು, ಚಿತ್ರಪಟಗಳಿದ್ದವು, ಪ್ರಶ್ನೆಗಳು ಹಂತ ಹಂತವಾಗಿ ಬರುತ್ತಿದ್ದವು. ಕಿಟಕಿಯ ಪಕ್ಕದ ಹುಡುಗನೊಬ್ಬ ಮಾತ್ರ ಹೊರಗೆ ಸಾಗುತ್ತಿದ್ದ ಬಸ್ಸುಗಳನ್ನೇ ನೋಡುತ್ತಿದ್ದ. ಎರಡು ಸಲ ಎಚ್ಚರಿಸಿದ ಪ್ರಶಿಕ್ಷಣಾರ್ಥಿ ಮೂರನೆಯ ಸಲ ಹೇಳಿದರು: “ಹೀಗೇ ಕೂತಿದ್ರೆ ನಾಳೆ ಹೋಟೆಲಲ್ಲಿ ಲೋಟ ತೊಳೀಬೇಕಾಗುತ್ತೆ, ನೋಡ್ಕೊ.”

ತರಗತಿ ನಕ್ಕಿತು. ಇಬ್ಬರು ಮೂವರು ನಗದೆ ಆ ಹುಡುಗನ ಕಡೆ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿ ಪುಸ್ತಕ ತೆರೆದ. ಶಿಸ್ತು ಮರಳಿತು. ನಾನು ವೀಕ್ಷಣಾ ಹಾಳೆಯಲ್ಲಿ ‘ತರಗತಿ ನಿರ್ವಹಣೆ: ಉತ್ತಮ’ ಎಂದು ಬರೆದೆ.

ಪಾಠ ಮುಗಿದ ಮೇಲೆ ಶಾಲೆಯ ಶಿಕ್ಷಕಿಯೊಬ್ಬರು ಬದಿಗೆ ಕರೆದು ಹೇಳಿದರು: ಆ ಹುಡುಗನ ತಂದೆ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಲೋಟ, ತಟ್ಟೆ ತೊಳೆಯುತ್ತಾರೆ. ಆ ಹೋಟೆಲಿನ ಮುಂದೆಯೇ ನಾನು ವಾರಕ್ಕೆ ಮೂರು ಸಲ ಕಾಫಿ ಕುಡಿಯುತ್ತೇನೆ.

ತಪ್ಪು ಪ್ರಶಿಕ್ಷಣಾರ್ಥಿಯದು ಮಾತ್ರ ಎಂದು ಬರೆಯಲು ಈ ಲೇಖನಕ್ಕೆ ಕುಳಿತಿಲ್ಲ. ಅದೇ ಮಾತನ್ನು ನಾನು ಹತ್ತು ವರ್ಷ ಪ್ರೌಢಶಾಲೆಯಲ್ಲಿದ್ದಾಗ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ನನಗೆ ನನ್ನ ಮೇಷ್ಟರು ಹೇಳಿದ್ದರು. ಗಾರೆ ಕೆಲಸ, ಮೂಟೆ ಹೊರುವುದು, ದನ ಕಾಯುವುದು, ಲೋಟ ತೊಳೆಯುವುದು ಇವು ನಮ್ಮ ತರಗತಿಗಳಲ್ಲಿ ಬೆತ್ತದ ಜಾಗದಲ್ಲಿ ಬಳಕೆಯಾಗುವ ಕಸುಬುಗಳು. ಬೆತ್ತವನ್ನು ಕಾನೂನು ಬಿಡಿಸಿತು, ಈ ಮಾತುಗಳು ಉಳಿದವು. ಕಾಯಕದ ಹಿರಿಮೆ ಸಾರುವ ಸಾಲನ್ನು ಅದೇ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ ಎಂಬುದನ್ನೂ ಹೇಳಬೇಕು.

ಮರುಪಾಠ

ಸಂಜೆಯ ಚರ್ಚೆಯಲ್ಲಿ ವಿಷಯ ತಿಳಿಸಿದಾಗ ಆ ಪ್ರಶಿಕ್ಷಣಾರ್ಥಿ ಬಹಳ ನೊಂದುಕೊಂಡರು. ಹುಡುಗನ ಕ್ಷಮೆ ಕೇಳುತ್ತೇನೆ ಎಂದರು. ಎಲ್ಲರ ಮುಂದೆ ಕ್ಷಮೆ ಕೇಳಿದರೆ ಅವನ ಮನೆಯ ವಿಚಾರ ಇನ್ನಷ್ಟು ಬೀದಿಗೆ ಬರುತ್ತದೆ, ಬದಲಿಗೆ ಪಾಠವನ್ನೇ ಇನ್ನೊಂದು ಸಲ ಬೇರೆ ರೀತಿಯಲ್ಲಿ ಮಾಡೋಣ ಎಂದು ನಿರ್ಧರಿಸಿದೆವು.

ಆ ಪಾಠದ ದೃಷ್ಟಿಕೋನವನ್ನು ಗಮನಿಸಿ. ಜೋಗ ಎಲ್ಲಿದೆ, ಗಿರಿಧಾಮಗಳು ಯಾವುವು, ಹಂಪಿ ಏಕೆ ಪ್ರಸಿದ್ಧ ಎಂಬ ಪ್ರಶ್ನೆಗಳು ವಿದ್ಯಾರ್ಥಿಯನ್ನು ಪ್ರವಾಸಿಯ ಜಾಗದಲ್ಲಿ ನಿಲ್ಲಿಸುತ್ತವೆ. ಅದು ಸರಿಯೇ. ಆದರೆ ಪೀಣ್ಯದ ಕಾರ್ಖಾನೆಗಳಿಗೆ ಬಂದು ನೆಲೆಸಿದ ಕುಟುಂಬಗಳ ಆ ಮಕ್ಕಳಲ್ಲಿ ಹಂಪಿ ನೋಡಿದವರು ನಾಲ್ಕೇ ಜನ. ಪ್ರವಾಸಿಗೆ ಊಟ, ಹಾಸಿಗೆ, ವಾಹನ ಒದಗಿಸುವ ಕೆಲಸದಲ್ಲಿ ಮನೆಯವರೊಬ್ಬರು ಇರುವವರು ಹನ್ನೊಂದು ಜನ. ಪಾಠದಲ್ಲಿ ಈ ಹನ್ನೊಂದು ಮನೆಗಳಿಗೆ ಜಾಗವಿರಲಿಲ್ಲ.

ಮರುಪಾಠದ ಪ್ರಶ್ನೆ ಒಂದೇ: ‘ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತಿ ಬೇಲೂರು ನೋಡಿ ಮರುದಿನ ಹಿಂತಿರುಗುವ ಒಬ್ಬ ವ್ಯಕ್ತಿಗಾಗಿ ಯಾರು ಯಾರು ಕೆಲಸ ಮಾಡಿರುತ್ತಾರೆ?’ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದನ್ನು ಹೇಳಿ ಪ್ರಶಿಕ್ಷಣಾರ್ಥಿ ಸುಮ್ಮನೆ ನಿಂತರು. ಮೊದಲು ಡ್ರೈವರ್, ಕಂಡಕ್ಟರ್, ಗೈಡ್ ಬಂದರು. ಆಮೇಲೆ ಬಸ್ ತೊಳೆಯುವವರು, ಟೈರ್ ಅಂಗಡಿಯವರು, ನಿಲ್ದಾಣದ ಟೀ ಮಾಡುವವರು, ಶೌಚಾಲಯ ನೋಡಿಕೊಳ್ಳುವವರು, ದೇವಸ್ಥಾನದ ಕಾವಲಿನವರು, ಚಪ್ಪಲಿ ಕಾಯುವವರು, ಫೋಟೊ ತೆಗೆಯುವವರು. ಒಬ್ಬ ಹುಡುಗಿ ಎದ್ದು “ಮಿಸ್, ಲಾಡ್ಜಿನ ಬೆಡ್‌ಶೀಟ್ ಒಗೆಯೋರು?” ಎಂದಳು. ಅವಳ ತಾಯಿ ಹೋಟೆಲುಗಳ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿದ್ದಾರೆ. ಕರಿಹಲಗೆಯ ಮೇಲೆ ಇಪ್ಪತ್ತೇಳು ಕೆಲಸಗಳಾದವು. ನಮ್ಮ ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರವೆಂದು ಬರೆದುಕೊಂಡಿದ್ದು ಹನ್ನೆರಡು.

ಕೊನೆಗೆ ಆ ಪಟ್ಟಿಯನ್ನು ವಿಂಗಡಿಸಿದರು. ದೊಡ್ಡ ಹೋಟೆಲಿನಲ್ಲಿ ಮುಖ್ಯವಾಗಿ ನಾಲ್ಕು ವಿಭಾಗಗಳಿರುತ್ತವೆ: ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೋಣೆಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗ್, ಅಡುಗೆಯ ವಿಭಾಗ, ಬಡಿಸುವ ವಿಭಾಗ. ಪಾತ್ರೆ ತೊಳೆಯುವುದು, ಅಡುಗೆಮನೆಯ ಶುಚಿತ್ವ ಕಾಪಾಡುವುದು ಕಿಚನ್ ಸ್ಟೀವರ್ಡಿಂಗ್ ಎಂಬ ವಿಭಾಗದ ಹೊಣೆ. ಅದಕ್ಕೂ ಮೇಲ್ವಿಚಾರಕರು, ವ್ಯವಸ್ಥಾಪಕರು ಇರುತ್ತಾರೆ.

ಕಿಟಕಿಯ ಪಕ್ಕದ ಹುಡುಗ ಇಡೀ ಪಾಠದಲ್ಲಿ ಬಾಯಿ ಬಿಡಲಿಲ್ಲ. ಪ್ರಶಿಕ್ಷಣಾರ್ಥಿಗೆ ನಿರಾಸೆಯಾಯಿತು. ನಾಲ್ಕು ದಿನಗಳ ನಂತರ ಊಟದ ಬಿಡುವಿನಲ್ಲಿ ಅವನು ಬಂದು ಕೇಳಿದನಂತೆ: “ಮಿಸ್, ಆ ಸ್ಟೀವರ್ಡಿಂಗ್ ಅಂದ್ರಲ್ಲ, ಅಲ್ಲಿ ಸೇರೋಕೆ ಎಷ್ಟು ಓದಿರ್ಬೇಕು? ನಮ್ಮಪ್ಪ ಏಳನೇ ಕ್ಲಾಸು.”

ಪ್ರಶಿಕ್ಷಣಾರ್ಥಿಗೆ ಉತ್ತರ ಗೊತ್ತಿರಲಿಲ್ಲ. ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದೆ ಕೊಟ್ಟ ಸಲಹೆ

ಗೊತ್ತಿಲ್ಲದಿರುವುದು ಸಣ್ಣ ತಪ್ಪಲ್ಲ ಎಂಬುದಕ್ಕೆ ನನ್ನದೇ ಒಂದು ಅನುಭವವಿದೆ. ಸುಮಾರು ಹದಿನಾಲ್ಕು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿಯುಸಿ ಮುಗಿಸಿ ಬಂದ. ಅಂಕ ಸಾಧಾರಣ, ಮಾತು ಚುರುಕು, ಮನೆಯಲ್ಲಿ ಬಡತನ. ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಲೇ ಎಂದು ಕೇಳಿದ. ಒಳ್ಳೆಯ ಕ್ಷೇತ್ರ, ಸೇರು ಎಂದೆ. ಎಲ್ಲಿ ಸೇರಬೇಕು, ಏನು ವಿಚಾರಿಸಬೇಕು ಎಂದು ಹೇಳಲಿಲ್ಲ, ಏಕೆಂದರೆ ನನಗೆ ತಿಳಿದಿರಲಿಲ್ಲ. ನಗರದ ಒಂದು ಖಾಸಗಿ ಸಂಸ್ಥೆ ‘ನೂರಕ್ಕೆ ನೂರು ಉದ್ಯೋಗ, ವಿದೇಶದಲ್ಲಿ ಅವಕಾಶ’ ಎಂದು ಜಾಹೀರಾತು ಹಾಕಿತ್ತು. ತಾಯಿಯ ಬಳೆ ಅಡವಿಟ್ಟು ಅಲ್ಲಿ ಡಿಪ್ಲೊಮಾ ಸೇರಿದ. ತರಬೇತಿಯ ಹೆಸರಿನಲ್ಲಿ ಆರು ತಿಂಗಳು ಮದುವೆ ಮಂಟಪಗಳಲ್ಲಿ ಬಡಿಸುವ ಕೆಲಸಕ್ಕೆ ಕಳಿಸಿದರು. ಕೊನೆಗೆ ಸಿಕ್ಕ ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯದ, ಯಾವ ಮಂಡಳಿಯ ಮಾನ್ಯತೆಯೂ ಇರಲಿಲ್ಲ.

ಈಗ ಅವನು ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ವಿಭಾಗ ನೋಡಿಕೊಳ್ಳುತ್ತಾನೆ. ಚೆನ್ನಾಗಿಯೇ ಇದ್ದಾನೆ, ಸಾಲ ತೀರಿಸಲು ಮಾತ್ರ ಮೂರು ವರ್ಷ ಹಿಡಿಯಿತು. ಒಮ್ಮೆ ಸಿಕ್ಕಾಗ ನನ್ನ ಮೇಲೆ ಸಿಟ್ಟಿಲ್ಲದೆಯೇ ಹೇಳಿದ: “ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅಂದಿದ್ರೆ ಸಾಕಾಗಿತ್ತು ಸಾರ್.” ಈ ಮಾತನ್ನು ನಾನು ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುತ್ತೇನೆ.

ಕೆಲಸವನ್ನು ಬೆದರಿಕೆಯಾಗಿ ಬಳಸುವುದು ಒಂದು ತಪ್ಪು. ಅದನ್ನು ಕುರುಡಾಗಿ ಹೊಗಳಿ ಕಳಿಸುವುದು ಇನ್ನೊಂದು. ಎರಡಕ್ಕೂ ಬೇರು ಒಂದೇ, ಆ ಕೆಲಸದ ಬಗ್ಗೆ ನಮಗೆ ಏನೂ ಗೊತ್ತಿಲ್ಲದಿರುವುದು.

ನಮ್ಮ ಸುತ್ತಲೇ ಇರುವ ಉದ್ಯಮ

ಗೊರಗುಂಟೆಪಾಳ್ಯ ಎಂದರೆ ಬಹಳ ಜನರಿಗೆ ಒಂದು ಸಿಗ್ನಲ್ಲು ಮಾತ್ರ. ಹೊರವರ್ತುಲ ರಸ್ತೆಯು ತುಮಕೂರು ರಸ್ತೆಯನ್ನು ಕೂಡುವ ಜಾಗ. ಹಾಸನ, ಧರ್ಮಸ್ಥಳ, ಶಿವಮೊಗ್ಗ, ಹುಬ್ಬಳ್ಳಿ ಕಡೆಯ ಬಸ್ಸುಗಳಿಗೆ ಉತ್ತರ ಬೆಂಗಳೂರಿನ ಜನ ಕಾಯುವುದು ಇಲ್ಲೇ. 2014ರ ಮಾರ್ಚ್‌ನಿಂದ ಮೆಟ್ರೊ ನಿಲ್ದಾಣವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಶನಿವಾರ ಸಂಜೆ ಇಲ್ಲಿ ಯಾತ್ರೆಗೆ ಹೊರಟ ಹೆಂಗಸರ ಗುಂಪುಗಳನ್ನು ನೋಡಬೇಕು. ಪ್ರವಾಸೋದ್ಯಮ ಎಂಬ ದೊಡ್ಡ ಪದದ ಅರ್ಥ ತಿಳಿಯಲು ಆ ಒಂದು ಗಂಟೆ ಸಾಕು.

ಮೆಟ್ರೊದಲ್ಲಿ ನಗರದ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಯಶವಂತಪುರದ ತಾಜ್ ಹೋಟೆಲು, ಮುಂದೆ ಬ್ರಿಗೇಡ್ ಗೇಟ್‌ವೇಯ ಶೆರಟನ್ ಕಾಣುತ್ತವೆ. ರಾಜ್ಯದ ಐಷಾರಾಮಿ ರೈಲು ‘ಸುವರ್ಣ ರಥ’ 2008ರಲ್ಲಿ ತನ್ನ ಓಡಾಟ ಶುರುಮಾಡಿದ್ದು ಯಶವಂತಪುರ ನಿಲ್ದಾಣದಿಂದ. ಅದೇ ವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದರೊಂದಿಗೆ ಹೆಬ್ಬಾಳ, ಯಲಹಂಕದ ದಾರಿಯುದ್ದಕ್ಕೂ ಹೋಟೆಲುಗಳು ಎದ್ದವು. ಪೀಣ್ಯದ ಕಾರ್ಖಾನೆಗಳ ಕ್ಯಾಂಟೀನು, ಆಸ್ಪತ್ರೆಗಳ ಅಡುಗೆಮನೆ, ಹಾಸ್ಟೆಲು, ಮದುವೆ ಮಂಟಪ, ಕಚೇರಿಗಳಿಗೆ ಊಟ ಒದಗಿಸುವ ಸಂಸ್ಥೆಗಳು ಇವೆಲ್ಲವೂ ಇದೇ ಕಸುಬಿನ ಭಾಗ. ಹೋಟೆಲ್ ಎಂದರೆ ಐದು ನಕ್ಷತ್ರದ್ದು ಅಥವಾ ರಸ್ತೆ ಬದಿಯದು ಎಂದು ಎರಡೇ ಬಗೆ ನೋಡುವ ನಮ್ಮ ಕಣ್ಣಿಗೆ ನಡುವಿನ ಈ ವಿಸ್ತಾರ ಕಾಣುವುದಿಲ್ಲ.

ಕನ್ನಡಿಗರಿಗೆ ಈ ಕಸುಬು ಹೊಸದೂ ಅಲ್ಲ. ಉಡುಪಿ, ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿ, ಬೆಂಗಳೂರು, ಮದರಾಸುಗಳಿಗೆ ಹೋದ ಹುಡುಗರು ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾಪೆಟ್ಟಿಗೆಯವರೆಗೆ ಬಂದು, ಕೆಲವರು ಸ್ವಂತ ಹೋಟೆಲು ತೆರೆದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾವು ಶಿಕ್ಷಕರು ವಿಶೇಷವಾಗಿ ತಿಳಿದಿರಬೇಕು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಬಂದು ಮೆಟ್ರಿಕ್ ಮುಗಿಸಿದ ಶಾಲೆಗಳವು. ಆ ಶಾಲೆಗಳ ಮೇಷ್ಟರು ‘ಓದದಿದ್ದರೆ ಲೋಟ ತೊಳೆಯಬೇಕಾಗುತ್ತದೆ’ ಎಂದು ಹೇಳುವಂತಿರಲಿಲ್ಲ. ಎದುರಿಗೆ ಕುಳಿತವರು ಲೋಟ ತೊಳೆದೇ ಬಂದವರು.

ಆದರೆ ಹಳೆಯದನ್ನು ಹೊಗಳುವಾಗ ಅರ್ಧ ಹೇಳಬಾರದು. 1924ರಲ್ಲಿ ಆರಂಭವಾದ ನಮ್ಮ ಹೆಮ್ಮೆಯ ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಆ ಕಾಲದ ಅನೇಕ ಹೋಟೆಲುಗಳಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು, ಎಂಜಲು ಯಾರು ಎತ್ತಬೇಕು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಲೋಟ ತೊಳೆಯುವುದನ್ನು, ಕಕ್ಕಸು ಶುಚಿ ಮಾಡುವುದನ್ನು ಕೀಳೆಂದು ಹೇಳುವ ನಮ್ಮ ಮಾತಿನಲ್ಲಿ ಆ ನೆರಳು ಇಂದಿಗೂ ಇದೆ. ಮಕ್ಕಳ ಕಥೆ ಬೇರೆಯೇ ಇದೆ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸುವವರೆಗೆ ‘ಹೋಟೆಲ್ ಮಾಣಿ’ ಎಂದರೆ ಹತ್ತು ಹನ್ನೆರಡರ ಹುಡುಗ ಎಂದೇ ಅರ್ಥವಿತ್ತು. 2016ರ ತಿದ್ದುಪಡಿ ಆ ವಯಸ್ಸಿನ ಮಕ್ಕಳ ದುಡಿಮೆಯನ್ನು ಬಹುಮಟ್ಟಿಗೆ ಎಲ್ಲ ಕಸುಬುಗಳಲ್ಲೂ ತಡೆಯಿತು. ನಮ್ಮ ಹಿರಿಯ ಶಿಕ್ಷಕರು ಹೋಟೆಲ್ ಕೆಲಸಕ್ಕೆ ಹೆದರಿದ್ದಕ್ಕೆ ಕಾರಣವಿತ್ತು. ಶಾಲೆ ಬಿಟ್ಟ ಹುಡುಗ ಅಲ್ಲಿಗೇ ಹೋಗುತ್ತಿದ್ದ.

ಒಂದೇ ಕಟ್ಟಡ, ಎರಡು ಬಾಗಿಲು

ಇಂದಿನ ಪರಿಸ್ಥಿತಿಯಲ್ಲಿ ಪ್ರಶ್ನೆ, ನಮ್ಮ ವಿದ್ಯಾರ್ಥಿಗಳು ಈ ಉದ್ಯಮಕ್ಕೆ ಹೋಗಬೇಕೇ ಬೇಡವೇ ಎಂಬುದಲ್ಲ. ಅನೇಕರು ಹೋಗಿಯೇ ಹೋಗುತ್ತಾರೆ. ಯಾವ ಬಾಗಿಲಿನಿಂದ ಎಂಬುದೇ ಪ್ರಶ್ನೆ.

ಒಂದು ಬಾಗಿಲು ಗುತ್ತಿಗೆಯದು. ಪರಿಚಯದವರೊಬ್ಬರು ಕರೆದುಕೊಂಡು ಹೋಗುತ್ತಾರೆ, ಮರುದಿನದಿಂದ ಕೆಲಸ. ಕಲಿಕೆ ಇಲ್ಲ, ಪ್ರಮಾಣಪತ್ರವಿಲ್ಲ, ಹತ್ತು ವರ್ಷ ಕಳೆದರೂ ಅದೇ ಜಾಗ. ಇನ್ನೊಂದು ಬಾಗಿಲು ತರಬೇತಿಯದು. ಅಡುಗೆಮನೆಯ ಏಣಿಯನ್ನೇ ನೋಡಿ: ಕಾಮಿಯಾಗಿ ಸೇರಿದವರು ಡೆಮಿ ಶೆಫ್, ಶೆಫ್ ದ ಪಾರ್ಟಿ, ಸೂ ಶೆಫ್ ಎಂದು ಏರಿ ಎಕ್ಸಿಕ್ಯೂಟಿವ್ ಶೆಫ್ ಆಗಬಹುದು. ಪ್ರತಿ ಮೆಟ್ಟಿಲಿಗೂ ವರ್ಷಗಳು ಬೇಕು, ಆದರೆ ಮೆಟ್ಟಿಲುಗಳಿವೆ.

ಆ ಬಾಗಿಲು ಎಲ್ಲಿದೆ ಎಂದು ಹುಡುಗನ ಪ್ರಶ್ನೆಯ ನಂತರ ನಾವು ವಿಚಾರಿಸಿದೆವು. ತಿಳಿದದ್ದು ಇಷ್ಟು.

ಹತ್ತನೆಯ ತರಗತಿಯ ನಂತರ: ಐ.ಟಿ.ಐ.ಗಳ ವೃತ್ತಿಗಳ ಪಟ್ಟಿಯಲ್ಲಿ ಆಹಾರ ತಯಾರಿಕೆ, ಫ್ರಂಟ್ ಆಫೀಸ್ ಸಹಾಯಕ, ಹೌಸ್‌ಕೀಪರ್ ಕೂಡ ಇವೆ. ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಅಡಿಯಲ್ಲಿ ಅಡುಗೆ ಮತ್ತು ಬೇಕರಿ ಕೌಶಲದ ಒಂದೂವರೆ ವರ್ಷದ ಕೋರ್ಸಿಗೂ ಹತ್ತನೆಯ ತರಗತಿಯೇ ಅರ್ಹತೆ. ಯಾವ ಐ.ಟಿ.ಐ.ಯಲ್ಲಿ ಯಾವ ವೃತ್ತಿ ನಡೆಯುತ್ತಿದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರವೇಶದ ಸಮಯದಲ್ಲಿ ನೇರವಾಗಿ ವಿಚಾರಿಸಬೇಕು.

ಪಿಯುಸಿಯ ನಂತರ: ಆತಿಥ್ಯ ಮತ್ತು ಹೋಟೆಲ್ ಆಡಳಿತದ ಮೂರು ವರ್ಷದ ಬಿ.ಎಸ್ಸಿ. ಪದವಿ. ಇದನ್ನು ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ಬೆಂಗಳೂರಿನಲ್ಲೇ, ಶೇಷಾದ್ರಿ ರಸ್ತೆಯಲ್ಲಿ, ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿದೆ. ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿದರೆ ತಲುಪಬಹುದು. ನಾವು ಬೋಧನಾಭ್ಯಾಸ ಮಾಡಿದ ಶಾಲೆಯಲ್ಲಿ ಅದರ ಹೆಸರು ಕೇಳಿದ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ನಮ್ಮ ನಲವತ್ತೆರಡು ಪ್ರಶಿಕ್ಷಣಾರ್ಥಿಗಳಲ್ಲಿ ಇಬ್ಬರು ಕೇಳಿದ್ದರು. ಪ್ರವೇಶ ಎನ್.ಸಿ.ಎಚ್.ಎಂ. ಜೆ.ಇ.ಇ. ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ. ಇದಲ್ಲದೆ ವಿಶ್ವವಿದ್ಯಾಲಯಗಳ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಪ್ರವಾಸೋದ್ಯಮ ಪದವಿಗಳಿವೆ.

ಓದು ನಿಂತವರಿಗೆ: ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಆರಂಭಿಸಿದ ‘ಹುನರ್ ಸೇ ರೋಜ್‌ಗಾರ್ ತಕ್’ ಎಂಬ ಉಚಿತ ಅಲ್ಪಾವಧಿ ತರಬೇತಿ. ಎಂಟನೆಯ ತರಗತಿ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದು.

ಹುಡುಗನ ತಂದೆಗೆ ಇದರಲ್ಲಿ ಯಾವುದೂ ಪೂರ್ತಿ ಹೊಂದಲಿಲ್ಲ. ಓದಿನಲ್ಲಿ ಒಂದು ತರಗತಿ ಕಡಿಮೆ, ವಯಸ್ಸಿನಲ್ಲಿ ಬಹಳ ಹೆಚ್ಚು. ಪಾತ್ರೆ ತೊಳೆಯುವ ಹುದ್ದೆಗೆ ಓದಿಗಿಂತ ಅನುಭವವೇ ಮುಖ್ಯ, ಆದರೆ ದೊಡ್ಡ ಹೋಟೆಲುಗಳು ಅದನ್ನು ಹೆಚ್ಚಾಗಿ ಗುತ್ತಿಗೆದಾರರ ಮೂಲಕವೇ ತುಂಬುತ್ತವೆ ಎಂದು ವಿಚಾರಿಸಿದಾಗ ತಿಳಿಯಿತು. ಪ್ರಶಿಕ್ಷಣಾರ್ಥಿ ಇದನ್ನೇ ಅವನಿಗೆ ಹೇಳಿದರು. ಸಿಹಿ ಸುದ್ದಿಯಲ್ಲ, ಆದರೂ ವಿಚಾರಿಸಿ ತಂದ ಉತ್ತರ. ಜೊತೆಗೆ ಹತ್ತನೆಯ ತರಗತಿ ಮುಗಿಸಿದರೆ ಅವನಿಗೆ ಏನೇನು ದಾರಿಗಳಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು.

ಈ ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಭಾಷೆಯ ವಿಷಯ. ಆ ಪ್ರವೇಶ ಪರೀಕ್ಷೆ ನಡೆಯುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಅದರಲ್ಲಿ ಇಂಗ್ಲಿಷಿನದೇ ಒಂದು ಭಾಗವೂ ಇದೆ. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವರು ಕನ್ನಡ ಬಲ್ಲವರಾಗಿರಬೇಕೆಂದು ನಾವು ಬಯಸುತ್ತೇವೆ, ಆ ಬಾಗಿಲಿಗೆ ಹೋಗುವ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವಂತಿಲ್ಲ. ಪರೀಕ್ಷೆ ಕನ್ನಡದಲ್ಲೂ ಇರಲಿ ಎಂದು ಕೇಳುವುದು ನ್ಯಾಯ. ಕೇಳುತ್ತಲೇ, ಕನ್ನಡ ಮಾಧ್ಯಮದ ಹುಡುಗಿ ಆ ಪರೀಕ್ಷೆಗೆ ಕೂರುವಷ್ಟು ಇಂಗ್ಲಿಷನ್ನು ಕಲಿಸುವ ಹೊಣೆಯೂ ನಮ್ಮದು. ಇನ್ನೊಂದು ಕಡೆಯಿಂದ ನೋಡಿದರೆ ಗೊರಗುಂಟೆಪಾಳ್ಯದ ಒಂದು ಸಾಮಾನ್ಯ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಐದೂ ಕೇಳಿಬರುತ್ತವೆ. ಮೂರು ಭಾಷೆಯಲ್ಲಿ ಸಲೀಸಾಗಿ ಮಾತಾಡುವ ಮಗುವನ್ನು ನಾವು ‘ಇಂಗ್ಲಿಷ್ ಬರುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಅಳೆದುಬಿಡುತ್ತೇವೆ. ಅತಿಥಿಯೊಡನೆ ವ್ಯವಹರಿಸುವ ಯಾವ ಕೆಲಸದಲ್ಲಾದರೂ ಆ ಮೂರು ಭಾಷೆ ಬಂಡವಾಳ.

ಬಡವರ ಮಕ್ಕಳಿಗೆ ಮಾತ್ರವೇ?

ಈ ವಿಚಾರವನ್ನು ವಿಭಾಗದ ಸಭೆಯಲ್ಲಿ ಇಟ್ಟಾಗ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪ ಗಂಭೀರವಾದುದು: “ಖಾಸಗಿ ಶಾಲೆಯ ಮಕ್ಕಳಿಗೆ ಎಂಜಿನಿಯರಿಂಗ್ ಕನಸು, ಸರ್ಕಾರಿ ಶಾಲೆಯ ಮಕ್ಕಳಿಗೆ ಹೋಟೆಲ್ ಕೆಲಸದ ಮಾಹಿತಿ. ಇದೇನಾ ಸಮಾನತೆ?” 1937ರಲ್ಲಿ ವಾರ್ಧಾ ಶಿಕ್ಷಣ ಯೋಜನೆ ಬಂದಾಗಲೂ ಈ ಬಗೆಯ ಅನುಮಾನ ಎದ್ದಿತ್ತು. ಕೈಕೆಲಸವನ್ನು ಶಿಕ್ಷಣದ ಕೇಂದ್ರದಲ್ಲಿಡುತ್ತೇವೆ ಎಂದಾಗ, ಯಾರ ಮಕ್ಕಳ ಕೈ ಎಂದು ಕೇಳುವುದು ತಪ್ಪಲ್ಲ.

ನನ್ನ ಉತ್ತರ ಇದು. ಮಾಹಿತಿ ಕೊಡುವುದು ದಾರಿಯನ್ನು ಗೊತ್ತುಮಾಡಿದಂತಲ್ಲ. ಒಂಬತ್ತನೆಯ ತರಗತಿಯ ಮಗುವಿಗೆ ‘ನೀನು ಇದಕ್ಕೇ ಲಾಯಕ್ಕು’ ಎಂದು ಹೇಳುವ ಹಕ್ಕು ಯಾವ ಶಿಕ್ಷಕರಿಗೂ ಇಲ್ಲ. ಹತ್ತನೆಯ ತರಗತಿ ಎಲ್ಲರೂ ಮುಗಿಸಬೇಕು, ಅದರಲ್ಲಿ ರಾಜಿ ಇಲ್ಲ. ಈ ಪಾಠವನ್ನು ನಾವು ಸದಾಶಿವನಗರದ ಖಾಸಗಿ ಶಾಲೆಯಲ್ಲೂ ಮಾಡಬೇಕು. ಅಲ್ಲಿನ ಮಗುವಿಗೂ ತನ್ನ ಹಾಸಿಗೆ ಮಡಚಿದವರು ಯಾರೆಂದು ತಿಳಿಯಬೇಕು. ಆದರೆ ನಾವು ಸುಮ್ಮನಿದ್ದರೆ ಆಗುವುದೇನು? ಮಾಹಿತಿ ಇರುವ ಮನೆಯ ಮಕ್ಕಳು ಪದವಿಯ ಬಾಗಿಲಿನಿಂದ ವ್ಯವಸ್ಥಾಪಕರಾಗಿ ಹೋಗುತ್ತಾರೆ, ಇಲ್ಲದ ಮನೆಯ ಮಕ್ಕಳು ಹಿಂದಿನ ಬಾಗಿಲಿನಿಂದ ಗುತ್ತಿಗೆಗೆ ಹೋಗುತ್ತಾರೆ. ನಮ್ಮ ಮೌನದಿಂದ ಅಸಮಾನತೆ ಕಡಿಮೆಯಾಗುವುದಿಲ್ಲ.

ಹಾಗೆಯೇ ಈ ಕಸುಬಿನ ಕಷ್ಟವನ್ನು ಮುಚ್ಚಿಡಬಾರದು. ಹಬ್ಬ, ಭಾನುವಾರಗಳಲ್ಲೇ ಇಲ್ಲಿ ಕೆಲಸ ಹೆಚ್ಚು. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಎಂದು ಒಡೆದ ಪಾಳಿಗಳಲ್ಲಿ ದಿನವೆಲ್ಲ ಹೋಗುತ್ತದೆ. ಆರಂಭದ ಸಂಬಳ ಕಡಿಮೆ. ನಿಂತೇ ಇರಬೇಕಾದ ಕೆಲಸ. ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ಮನೆಯವರು ಒಪ್ಪುವುದು, ಸುರಕ್ಷಿತವಾಗಿ ಮನೆ ತಲುಪುವ ವ್ಯವಸ್ಥೆ ಎರಡೂ ಪ್ರಶ್ನೆಗಳೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮೊದಲು ಮುಚ್ಚಿದ ಉದ್ಯಮಗಳಲ್ಲಿ ಇದೂ ಒಂದು. ಗೊರಗುಂಟೆಪಾಳ್ಯದಿಂದ ತುಮಕೂರು ರಸ್ತೆ ಹಿಡಿದು ಊರಿಗೆ ನಡೆದವರಲ್ಲಿ ಹೋಟೆಲಿನವರೂ ಇದ್ದರು. ಇದನ್ನೆಲ್ಲ ಹೇಳಿದ ಮೇಲೂ ಒಬ್ಬ ಹುಡುಗಿ ಶೆಫ್ ಆಗುತ್ತೇನೆ ಎಂದರೆ ಅದು ಅವಳ ಆಯ್ಕೆ, ತಿಳಿದು ಮಾಡಿದ ಆಯ್ಕೆ.

ಬೋಧನಾಭ್ಯಾಸದಲ್ಲಿ ಏನು ಮಾಡಬಹುದು

2015ರಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಗಿದೆ, ಶಾಲೆಗಳಲ್ಲಿ ಕಳೆಯುವ ಅವಧಿ ಹೆಚ್ಚಿದೆ. ಆ ಅವಧಿಯೊಳಗೇ, ಹೊಸ ವಿಷಯ ಸೇರಿಸದೆ, ನಾಲ್ಕು ಕೆಲಸ ಮಾಡಬಹುದು ಎಂಬುದು ನನ್ನ ಸಲಹೆ.

ಮೊದಲನೆಯದು, ವೀಕ್ಷಣಾ ಹಾಳೆಯಲ್ಲಿ ಒಂದು ಸಾಲು: ‘ಯಾವುದಾದರೂ ಕಸುಬನ್ನು ಶಿಕ್ಷೆಯಂತೆ ಅಥವಾ ಹಾಸ್ಯಕ್ಕೆ ಬಳಸಲಾಯಿತೇ?’ ಇದಕ್ಕೆ ಅಂಕ ಬೇಡ. ಬರೆದರೆ ಸಾಕು, ಸಂಜೆಯ ಚರ್ಚೆಗೆ ಬರುತ್ತದೆ. ಈ ವರ್ಷ ನಮ್ಮ ವಿಭಾಗದಲ್ಲಿ ಇದನ್ನು ಸೇರಿಸಿದ್ದೇವೆ. ಮೊದಲ ವಾರದಲ್ಲೇ ಐದು ಹಾಳೆಗಳಲ್ಲಿ ‘ಹೌದು’ ಎಂದಿತ್ತು. ಅದರಲ್ಲಿ ಒಂದು ನನ್ನದೇ ಮಾದರಿ ಪಾಠದ್ದು.

ಎರಡನೆಯದು, ಪ್ರತಿ ಬೋಧನಾ ವಿಷಯದಲ್ಲಿ ಶಾಲೆಯ ಸುತ್ತಲಿನ ದುಡಿಮೆಗೆ ಸಂಬಂಧಿಸಿದ ಒಂದು ಪಾಠಯೋಜನೆ. ಗಣಿತದಲ್ಲಿ ಅನುಪಾತ ಕಲಿಸುವಾಗ ನಾಲ್ಕು ಜನರ ಬಿಸಿಬೇಳೆ ಬಾತನ್ನು ಇನ್ನೂರು ಜನರಿಗೆ ಹಿಗ್ಗಿಸುವ ಲೆಕ್ಕ ಕೊಡಬಹುದು. ಮಸಾಲೆ ಮತ್ತು ನೀರನ್ನು ಬರೀ ಗುಣಿಸಿದರೆ ಅಡುಗೆ ಕೆಡುತ್ತದೆ ಎಂದು ಕ್ಯಾಂಟೀನಿನವರು ಹೇಳಿದಾಗ, ಸೂತ್ರಕ್ಕೂ ಅನುಭವಕ್ಕೂ ಇರುವ ಅಂತರ ಮಕ್ಕಳಿಗೆ ತಿಳಿಯುತ್ತದೆ. ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠಕ್ಕೆ ಬಿಸಿನೀರಿನಲ್ಲಿ ಪಾತ್ರೆ ತೊಳೆಯುವುದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕೇ? ಇಂಗ್ಲಿಷಿನಲ್ಲಿ ದೂರು ಹೇಳುವ ಅತಿಥಿ, ಸಮಾಧಾನ ಮಾಡುವ ಸಿಬ್ಬಂದಿ ಎಂಬ ಸಂಭಾಷಣೆಯನ್ನು ಮಕ್ಕಳು ತಾವೇ ಬೆಳೆಸುತ್ತಾರೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವೃತ್ತಿ ಶಿಕ್ಷಣದಲ್ಲಿ ಜೀವರೂಪಗಳೊಂದಿಗಿನ ಕೆಲಸ, ಯಂತ್ರ ಮತ್ತು ವಸ್ತುಗಳೊಂದಿಗಿನ ಕೆಲಸ, ಮಾನವ ಸೇವೆಯ ಕೆಲಸ ಎಂದು ಮೂರು ಬಗೆ ಹೇಳುತ್ತದೆ. ಮೊದಲೆರಡಕ್ಕೆ ಕೈತೋಟ, ಮರಗೆಲಸ ಎಂದು ಶಾಲೆಗಳು ಏನಾದರೂ ಮಾಡುತ್ತವೆ. ಮೂರನೆಯದೇ ಖಾಲಿ ಉಳಿಯುವುದು.

ಮೂರನೆಯದು, ಪ್ರತಿ ಪ್ರಶಿಕ್ಷಣಾರ್ಥಿ ಒಂದು ಕಸುಬಿನ ಬಗ್ಗೆ ಒಂದೇ ಪುಟದ ಮಾಹಿತಿ ಹಾಳೆ ತಯಾರಿಸುವುದು. ಯಾವ ತರಗತಿಯ ನಂತರ, ಎಲ್ಲಿ, ಎಷ್ಟು ಖರ್ಚು, ಎಷ್ಟು ಕಾಲ, ಕಷ್ಟಗಳೇನು. ಅದರ ಕೆಳಗೆ, ಯಾವುದೇ ಸಂಸ್ಥೆಗೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು: ಪ್ರಮಾಣಪತ್ರ ಕೊಡುವವರು ಯಾರು, ಅವರಿಗೆ ಮಾನ್ಯತೆ ಕೊಟ್ಟವರು ಯಾರು? ಪೂರ್ತಿ ಶುಲ್ಕ ಎಷ್ಟು, ಲಿಖಿತವಾಗಿ ಕೊಡುತ್ತೀರಾ? ಕಳೆದ ವರ್ಷ ಮುಗಿಸಿದ ಇಬ್ಬರೊಡನೆ ಮಾತಾಡಬಹುದೇ? ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದವು: ನೇಮಕಾತಿ ಪತ್ರವಿದೆಯೇ, ವಾರದ ರಜೆ ಇದೆಯೇ, ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಇವೆಯೇ? ಈ ಪ್ರಶ್ನೆಗಳು ನನ್ನ ಹಳೆಯ ವಿದ್ಯಾರ್ಥಿಯ ಕೈಯಲ್ಲಿದ್ದಿದ್ದರೆ ಅವನ ತಾಯಿಯ ಬಳೆ ಉಳಿಯುತ್ತಿತ್ತು.

ನಾಲ್ಕನೆಯದು, ದುಡಿಯುವವರನ್ನು ತರಗತಿಗೆ ಕರೆಯುವುದು. ಅತಿಥಿ ಉಪನ್ಯಾಸ ಎಂದಾಕ್ಷಣ ನಮಗೆ ವ್ಯವಸ್ಥಾಪಕರೇ ನೆನಪಾಗುತ್ತಾರೆ. ಅವರೂ ಬರಲಿ. ಆದರೆ ದೋಸೆ ಹುಯ್ಯುವವರು, ಕೋಣೆ ಶುಚಿ ಮಾಡುವವರು, ಲಾಂಡ್ರಿಯ ತಾಯಿ ಬಂದು ತಮ್ಮ ಒಂದು ದಿನವನ್ನು ವಿವರಿಸಲಿ. ಬರಲು ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂಬುದನ್ನು ಮರೆಯದೆ ಕಾಲೇಜು ಅದನ್ನು ಭರಿಸಬೇಕು. ಉಪನ್ಯಾಸಕರಿಗೆ ಗೌರವಧನ ಕೊಡುವಾಗ ನಾವು ಯೋಚಿಸುವುದಿಲ್ಲವಲ್ಲ.

ಲಾಂಡ್ರಿಯ ಆ ತಾಯಿಯನ್ನು ಈ ವರ್ಷ ಕರೆದಿದ್ದೇವೆ, ಬರುತ್ತೇನೆ ಎಂದಿದ್ದಾರೆ. ಹುಡುಗನ ತಂದೆಯನ್ನು ಕರೆಯಬೇಕೆಂದು ಪ್ರಶಿಕ್ಷಣಾರ್ಥಿಗೆ ಆಸೆಯಿತ್ತು. ಮೊದಲು ಹುಡುಗನನ್ನು ಕೇಳಿ ಎಂದೆ. ಅವನು ‘ಬೇಡ ಮಿಸ್’ ಎಂದ. ಅಷ್ಟಕ್ಕೇ ಬಿಟ್ಟೆವು. ಒಂದು ಮರುಪಾಠದಿಂದ ಅಳಿಸಿಹೋಗುವ ಸಂಕೋಚವಲ್ಲ ಅದು. ಅವನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ, ತಪ್ಪದೆ ಬರ‍್ತಿದ್ದಾನೆ ಎಂದು ಶಾಲೆಯ ಶಿಕ್ಷಕಿ ತಿಳಿಸಿದರು.

ಮುಂದಿನ ತಿಂಗಳು ಹೊಸ ತಂಡ ಶಾಲೆಗಳಿಗೆ ಹೊರಡುತ್ತದೆ. ನಿಮ್ಮ ಶಾಲೆ ಯಾವ ಬಡಾವಣೆಯಲ್ಲಿದೆಯೋ ಅಲ್ಲಿನ ತಂದೆತಾಯಿಯರು ಏನು ದುಡಿಯುತ್ತಾರೆ ಎಂದು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಅವರು ಬಟ್ಟೆ ಹೊಲಿಯುವವರಿರಬಹುದು, ಆಟೊ ಓಡಿಸುವವರಿರಬಹುದು, ಮನೆಗೆಲಸದವರಿರಬಹುದು. ನೀವು ತಯಾರಿಸಿದ ಮಾಹಿತಿ ಹಾಳೆಗಳನ್ನು ವಿಭಾಗಕ್ಕೆ ಕೊಡಿ, ಒಟ್ಟುಗೂಡಿಸಿ ಎಲ್ಲ ಶಾಲೆಗಳಿಗೂ ಕಳಿಸೋಣ. ನಿಮಗೆ ಉತ್ತರ ತಿಳಿಯದ ಪ್ರಶ್ನೆಯನ್ನು ಮಕ್ಕಳು ಕೇಳಿದರೆ ‘ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ’ ಎನ್ನಿ. ಆಮೇಲೆ ನಿಜವಾಗಿಯೂ ವಿಚಾರಿಸಿ ಹೇಳಿ.